ಸ್ವಾಹಿಲಿ ಕಲಿಯಬೇಕಾ? ಇಂಗ್ಲಿಷ್ ಪಟ್ಟಿ ಪಕ್ಕಕ್ಕಿಡಿ, ಕನ್ನಡದಿಂದಲೇ ಶುರು ಮಾಡಿ

ಪೂರ್ವ ಆಫ್ರಿಕಾದ ದಾರ್ ಎಸ್ ಸಲಾಮ್‌ಗೋ ನೈರೋಬಿಗೋ ಕೆಲಸಕ್ಕೆ ಹೊರಟವರು ಮೊದಲು ನೆಟ್‌ನಿಂದ ಒಂದು ಪಟ್ಟಿ ಇಳಿಸಿಕೊಳ್ಳುತ್ತಾರೆ. ಎಡಕ್ಕೆ ಸ್ವಾಹಿಲಿ ಪದ, ಬಲಕ್ಕೆ ಇಂಗ್ಲಿಷ್ ಅರ್ಥ. ಅದನ್ನೇ ಬಾಯಿಪಾಠ ಮಾಡಿಕೊಂಡು ಹೋದರೆ ಕೆಲಸ ನಡೆಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕನ್ನಡ ಬಲ್ಲವರಿಗೆ ಇದು ಸುತ್ತುಬಳಸಿನ ದಾರಿ. ಸ್ವಾಹಿಲಿಯ ದಿನಬಳಕೆಯ ಎಷ್ಟೋ ಪದಗಳಿಗೆ ಇಂಗ್ಲಿಷ್‌ನಲ್ಲಿ ಸರಿಯಾದ ಜೋಡಿಯೇ ಇಲ್ಲ, ಕನ್ನಡದಲ್ಲಿ ಇದೆ. ತಾಂಜಾನಿಯಾ, ಕೀನ್ಯಾ, ಉಗಾಂಡಾ, ಕಾಂಗೋದ ಪೂರ್ವ ಭಾಗ, ಇಷ್ಟು ಕಡೆ ಓಡುವ ಭಾಷೆ ಇದು. ಯುನೆಸ್ಕೋ ಜುಲೈ 7ನ್ನು ಸ್ವಾಹಿಲಿ ದಿನ ಅಂತ ಘೋಷಿಸಿದೆ. ಹಾಗಾಗಿ ಕಲಿತದ್ದು ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಸ್ವಾಹಿಲಿಯಲ್ಲಿ ಸ್ವರ ಐದೇ: ಅ, ಎ, ಇ, ಒ, ಉ. ಬರೆದಂತೆಯೇ ಓದುವುದು, ಇಂಗ್ಲಿಷ್ ಸ್ಪೆಲಿಂಗಿನ ತಲೆನೋವಿಲ್ಲ. ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೇ ಅಕ್ಷರದ ಮೇಲೆ ಬೀಳುತ್ತದೆ, ಅದಕ್ಕೇ ಕರೀಬು (ಬನ್ನಿ), ಅಸಾಂತೆ (ಧನ್ಯವಾದ), ಪೋಲೆ (ಅಯ್ಯೋ ಪಾಪ) ಅಂತ ಸ್ವಲ್ಪ ಎಳೆದ ಹಾಗೆ ಕೇಳುತ್ತದೆ. ಕಷ್ಟ ಇರುವುದು ಪದದ ಶುರುವಿನಲ್ಲೇ ಬರುವ ಮ್, ನ್ ಸದ್ದಿನಲ್ಲಿ. ಬಾಳೆಹಣ್ಣಿಗೆ 'ನ್‌ದೀಜ಼ಿ', ಮಗುವಿಗೆ 'ಮ್‌ತೋತೊ'. ಇದಕ್ಕೆ ಮುಂದೆ ಒಂದು 'ಇ'ಯನ್ನೋ 'ಎ'ಯನ್ನೋ ಸೇರಿಸಬೇಡಿ. ತುಟಿ ಮುಚ್ಚಿ 'ಮ್' ಅಂದು ಹಾಗೇ ಮುಂದೆ ಹೋಗಿ.

ಆಮೇಲೆ ಈಗಾಗಲೇ ನಿಮಗೆ ಗೊತ್ತಿರುವ ಪದಗಳನ್ನು ಬರೆದುಕೊಳ್ಳಿ. ಇಂಥವು ನಂಬಲಾಗದಷ್ಟು ಇವೆ. ವಕೀಲ ಅಲ್ಲಿ ವಕೀಲಿ, ಸಾಬೂನು ಸಬೂನಿ, ಸಕ್ಕರೆ ಸುಕಾರಿ, ತಾರೀಖು ತರೇಹೆ, ಸರ್ಕಾರ ಸೆರಿಕಾಲಿ, ಅನಾನಸು ನನಾಸಿ, ಜವಾಬು ಜೀಬು, ವಿಮೆ ಬೀಮ, ಲಕ್ಷ ಲಾಕಿ. ದುಡ್ಡಿಗೆ ಪೇಸ, ಅಂಗಡಿಗೆ ದೂಕ. ಅರಬ್ಬೀ ಸಮುದ್ರದ ಎರಡೂ ದಡಗಳ ನಡುವೆ ನೂರಾರು ವರ್ಷ ಹಾಯಿ ಹಡಗುಗಳು ಓಡಾಡಿದವು. ಅರಬ್ಬಿ, ಪರ್ಷಿಯನ್ ಪದಗಳು ಅವರಿಗೂ ಬಂದವು, ನಮಗೂ ಬಂದವು. ಗುಜರಾತಿ ವ್ಯಾಪಾರಿಗಳ ಜೊತೆ ಇನ್ನಷ್ಟು ಪದ ಅಲ್ಲಿಗೆ ಹೋದವು. ಈಚಿನದೂ ಒಂದಿದೆ: ತಾಂಜಾನಿಯಾದಲ್ಲಿ ಆಟೋರಿಕ್ಷಾಕ್ಕೆ ಜನ ಕರೆಯುವುದೇ 'ಬಜಾಜಿ' ಅಂತ.

ಇಲ್ಲೇ ಒಂದು ಎಚ್ಚರಿಕೆ. ಕೆಲವು ಪದಗಳು ಪರಿಚಿತವಾಗಿ ಕೇಳಿಸುತ್ತವೆ, ಅರ್ಥ ಬೇರೆ. 'ದಾದ' ಅಂದ್ರೆ ಅಕ್ಕ ಅಥವಾ ತಂಗಿ. 'ಕಾಕ' ಅಣ್ಣ ಅಥವಾ ತಮ್ಮ, ಉತ್ತರ ಕರ್ನಾಟಕದ ಕಾಕಾ ಅಲ್ಲ. 'ಮಾಮ' ಅಮ್ಮ. 'ಬೀಬಿ' ಅಜ್ಜಿ, 'ಬಾಬು' ಅಜ್ಜ. 'ಸ್ವಾಲಿ' ಅಂದ್ರೆ ಬರೀ ಪ್ರಶ್ನೆ, ಸವಾಲು ಹಾಕುವುದಲ್ಲ. ಇವನ್ನು ಕೆಂಪು ಪೆನ್ನಿನಲ್ಲಿ ಬರೆದಿಡಿ.

ಅಡುಗೆಮನೆ ಮತ್ತು ನೆಂಟರು

ನನಗೆ ಅತಿ ಇಷ್ಟವಾದ ಭಾಗ ಇದು. ಇಂಗ್ಲಿಷ್ ಪಟ್ಟಿಯಲ್ಲಿ ಮ್‌ಪೂಂಗ, ಮ್‌ಚೇಲೆ, ವಾಲಿ ಮೂರಕ್ಕೂ 'ರೈಸ್' ಅಂತಲೇ ಬರೆದಿರುತ್ತಾರೆ. ಓದಿದವರಿಗೆ ಗೊಂದಲ. ಕನ್ನಡದವರಿಗೆ ಒಂದೇ ಸಾಲು ಸಾಕು: ಭತ್ತ, ಅಕ್ಕಿ, ಅನ್ನ. ಹೋಟೆಲಿನಲ್ಲಿ ಮ್‌ಚೇಲೆ ಕೇಳಬಾರದು, ವಾಲಿ ಕೇಳಬೇಕು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೆಂಗೂ ಹಾಗೇ. ಬಲಿತ ಕಾಯಿ 'ನಾಜ಼ಿ', ಎಳನೀರಿನದು 'ದಾಫು', ಕಾಯಿಹಾಲು 'ತೂಯಿ'. ಕರಾವಳಿಯ ಮನೆಗಳಲ್ಲಿ ಕೂತು ಕಾಯಿ ತುರಿಯುವ ಮಣೆಗೆ 'ಮ್‌ಬೂಜ಼ಿ' ಅನ್ನುತ್ತಾರೆ, ಅದೇ ಪದಕ್ಕೆ ಮೇಕೆ ಅಂತಲೂ ಅರ್ಥ. ನಮ್ಮ ತುರಿಮಣೆಯನ್ನು ನೋಡಿದವರಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ.

ಜೋಳದ, ಅಂದರೆ ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವ 'ಉಗಾಲಿ' ಮುದ್ದೆಯ ಥರವೇ ಇರುತ್ತದೆ, ಕೈಯಲ್ಲಿ ಮುರಿದು ಪಲ್ಯ ಸಾರಿನ ಜೊತೆ ತಿನ್ನುತ್ತಾರೆ. ಗಂಜಿಗೆ 'ಊಜಿ'. ರಾಗಿಗೆ 'ವೀಂಬಿ', ರಾಗಿ ಗಂಜಿಗೆ 'ಊಜಿ ವಾ ವೀಂಬಿ'. ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ನಾಡೇ, ಅಲ್ಲಿಂದಲೇ ನಮ್ಮಲ್ಲಿಗೆ ಬಂದದ್ದು. ತೊಗರಿ 'ಮ್‌ಬಾಜ಼ಿ', ಅಲಸಂದೆ 'ಕೂಂದೆ', ಹುಣಸೆ 'ಉಕ್ವಾಜು', ಗೋಡಂಬಿ 'ಕೊರೋಶೊ'. ನೀರು 'ಮಾಜಿ', ಉಪ್ಪು 'ಚೂಂವಿ', ಹಾಲು 'ಮಜ಼ೀವ'. ಹೊಟ್ಟೆ ತುಂಬಿತು, ಇನ್ನು ಬೇಡ ಅನ್ನಲು 'ನಿಮೆಶೀಬ'. ಇದನ್ನು ಮೊದಲ ದಿನವೇ ಕಲಿತಿರಿ, ಇಲ್ಲದಿದ್ದರೆ ಬಡಿಸುತ್ತಲೇ ಇರುತ್ತಾರೆ.

ನೆಂಟರ ಪದಗಳಲ್ಲಂತೂ ಅಂಕಲ್, ಆಂಟಿ ಅನ್ನುವುದು ಏನನ್ನೂ ಹೇಳುವುದಿಲ್ಲ. 'ಮ್‌ಕೂಬ್ವ' ದೊಡ್ಡವರು, 'ಮ್‌ದೋಗೊ' ಚಿಕ್ಕವರು. ಹಾಗಾಗಿ ದೊಡ್ಡಪ್ಪ 'ಬಾಬ ಮ್‌ಕೂಬ್ವ', ಚಿಕ್ಕಪ್ಪ 'ಬಾಬ ಮ್‌ದೋಗೊ', ದೊಡ್ಡಮ್ಮ 'ಮಾಮ ಮ್‌ಕೂಬ್ವ', ಚಿಕ್ಕಮ್ಮ 'ಮಾಮ ಮ್‌ದೋಗೊ'. ಸೋದರಮಾವ 'ಮ್‌ಜೋಂಬ', ಸೋದರತ್ತೆ 'ಶಂಗಾಜ಼ಿ'. ಕನ್ನಡದ ಮನೆಯಲ್ಲಿ ಬೆಳೆದವರು ಇದನ್ನು ಒಂದು ಸಂಜೆಯಲ್ಲಿ ಕಲಿಯಬಹುದು.

ದಿನಗಳೂ ಅಷ್ಟೇ ಸುಲಭ. ಇವತ್ತು 'ಲೇಯೊ', ನಾಳೆ 'ಕೇಶೊ', ನಿನ್ನೆ 'ಜಾನ'. ನಾಳಿದ್ದು 'ಕೇಶೊ ಕೂತ್ವ', ಮೊನ್ನೆ 'ಜೂಜ಼ಿ'. ಇಂಗ್ಲಿಷ್‌ನಲ್ಲಿ ಈ ಕೊನೆಯ ಎರಡಕ್ಕೆ ಒಂದೊಂದು ಉದ್ದದ ಮಾತೇ ಬೇಕು.

ಗಂಟೆ ಹೇಳುವುದು

ಇಲ್ಲಿ ಸ್ವಲ್ಪ ಗಮನ ಕೊಡಿ, ಬಸ್ಸು ತಪ್ಪುವುದು ಇಲ್ಲೇ. ಸ್ವಾಹಿಲಿಯಲ್ಲಿ ಗಂಟೆಯನ್ನು ಬೆಳಗಿನಿಂದ ಎಣಿಸುತ್ತಾರೆ. ಸಮಭಾಜಕ ವೃತ್ತದ ಹತ್ತಿರ ವರ್ಷವಿಡೀ ಸುಮಾರು 6ಕ್ಕೇ ಸೂರ್ಯ ಹುಟ್ಟುತ್ತಾನೆ. ಆದ್ದರಿಂದ ನಮ್ಮ ಬೆಳಗ್ಗೆ 7 ಅವರ 'ಸಾ ಮೋಜ', ಅಂದರೆ ಒಂದು ಗಂಟೆ. ಮಧ್ಯಾಹ್ನ 12 'ಸಾ ಸೀತ', ಆರು ಗಂಟೆ. ಸಂಜೆ 7ಕ್ಕೆ ಮತ್ತೆ 'ಸಾ ಮೋಜ', ಆದರೆ ಆಗ 'ಉಸೀಕು', ಅಂದರೆ ರಾತ್ರಿ ಅಂತ ಸೇರಿಸುತ್ತಾರೆ. ಬೆಳಗ್ಗೆ ಅನ್ನುವುದಕ್ಕೆ 'ಅಸುಬೂಹಿ'. ನಮ್ಮ ಪಂಚಾಂಗದಲ್ಲೂ ದಿನ ಶುರುವಾಗುವುದು ಸೂರ್ಯೋದಯಕ್ಕೇ ಅಲ್ವಾ, ಅದನ್ನು ನೆನಪಿಟ್ಟುಕೊಳ್ಳಿ. ಲೆಕ್ಕ ತಿಳಿಯದಿದ್ದರೆ ಗಡಿಯಾರದಲ್ಲಿ ಗಂಟೆ ಮುಳ್ಳಿನ ಎದುರು ಬದಿಯ ಅಂಕಿ ಓದಿ: ಮುಳ್ಳು 8ರಲ್ಲಿದ್ದರೆ ಎದುರಿಗೆ 2, ಅದೇ 'ಸಾ ಮ್‌ಬೀಲಿ'. ಟಿಕೆಟ್ ಕೊಳ್ಳುವಾಗ ಗಡಿಯಾರ ತೋರಿಸಿ ಇನ್ನೊಮ್ಮೆ ಕೇಳಿ.

ಅಂಕಿ ಹತ್ತರವರೆಗೆ: ಮೋಜ, ಮ್‌ಬೀಲಿ, ತಾತು, ನ್‌ನೆ, ತಾನೊ, ಸೀತ, ಸಾಬ, ನಾನೆ, ತೀಸ, ಕೂಮಿ. ನೂರು 'ಮೀಯ', ಸಾವಿರ 'ಏಲ್ಫು'. ಬೆಲೆ ಕೇಳಲು 'ಬೇಯಿ ಗಾನಿ?', ಕಡಿಮೆ ಮಾಡಿ ಅನ್ನಲು 'ಪುಂಗೂಜ಼ ಬೇಯಿ'.

ಇನ್ನು ಮರ್ಯಾದೆ. ಹಿರಿಯರನ್ನು ಕಂಡರೆ, ಅದರಲ್ಲೂ ತಾಂಜಾನಿಯಾದಲ್ಲಿ, 'ಶಿಕಮೋ' ಅನ್ನಿ. ಅವರು 'ಮರಹಾಬ' ಅನ್ನುತ್ತಾರೆ. ಓರಗೆಯವರಿಗೆ 'ಮಾಂಬೊ?', ಉತ್ತರ 'ಪೋವ'. ಇನ್ನೊಬ್ಬರ ಮನೆ ಬಾಗಿಲಲ್ಲಿ 'ಹೋದಿ' ಅಂತ ಕೂಗಿ, ಒಳಗಿನಿಂದ 'ಕರೀಬು' ಬಂದ ಮೇಲೆ ಕಾಲಿಡಿ. ಊಟಕ್ಕೆ ಕೂತವರು ನಿಮ್ಮನ್ನು ಕಂಡು 'ಕರೀಬು' ಅಂದರೆ ಅದು ನಮ್ಮ 'ಬನ್ನಿ, ಊಟ ಮಾಡಿ'. ತುಂಬಾ ಜನರಿಗೆ ಹೇಳುವಾಗ ಅದು 'ಕರಿಬೂನಿ' ಆಗುತ್ತದೆ. ಇದು ಬಾ, ಬನ್ನಿ ಇದ್ದ ಹಾಗೆ ಕಂಡರೂ ಒಬ್ಬರಿಗೆ ಗೌರವಕ್ಕೆ ಬಳಸಬೇಡಿ, ಅದು ಬಹುವಚನ ಮಾತ್ರ. 'ಪೋಲೆ' ಪದವನ್ನು ಪಟ್ಟಿಗಳಲ್ಲಿ 'ಸಾರಿ' ಅಂತ ಬರೆದಿರುತ್ತಾರೆ. ಅದು ಕ್ಷಮೆ ಕೇಳುವುದಲ್ಲ. ಯಾರಾದರೂ ಎಡವಿದರೆ, ಹುಷಾರಿಲ್ಲದಿದ್ದರೆ, ದೂರದಿಂದ ದಣಿದು ಬಂದರೆ ಹೇಳುವ 'ಅಯ್ಯೋ ಪಾಪ' ಅದು. ಕ್ಷಮೆಗೆ 'ಸಮಹಾನಿ' ಬೇರೆಯೇ ಇದೆ.

ಕೊನೆಗೆ ವಾಕ್ಯ ಕಟ್ಟಿ. ಕನ್ನಡದಲ್ಲಿ ಯಾರು, ಯಾವಾಗ ಅನ್ನುವುದೆಲ್ಲ ಕ್ರಿಯಾಪದದ ಬಾಲದಲ್ಲಿ ಅಂಟಿಕೊಳ್ಳುತ್ತದೆ, ಸ್ವಾಹಿಲಿಯಲ್ಲಿ ತಲೆಯಲ್ಲಿ. 'ಸೋಮ' ಓದು. ನಿ-ನ-ಸೋಮ ಓದುತ್ತಿದ್ದೇನೆ, ನಿ-ಲಿ-ಸೋಮ ಓದಿದೆ, ನಿ-ತ-ಸೋಮ ಓದುತ್ತೇನೆ. 'ನಿ' ತೆಗೆದು 'ಅ' ಹಾಕಿದರೆ ಅವನು ಅಥವಾ ಅವಳು, 'ತು' ಹಾಕಿದರೆ ನಾವು, 'ವ' ಹಾಕಿದರೆ ಅವರು. ಬಹುವಚನವೂ ಮುಂದೆಯೇ: ಮ್‌ತೋತೊ ಮಗು, ವತೋತೊ ಮಕ್ಕಳು. ಕಿತಾಬು ಪುಸ್ತಕ, ವಿತಾಬು ಪುಸ್ತಕಗಳು. ದಿನಾ ಒಂದು ಕ್ರಿಯಾಪದ ಹಿಡಿದು ಹೀಗೆ ತಿರುಗಿಸಿ, ಜೋರಾಗಿ ಹೇಳಿ. ಜೊತೆಗೆ ಬಿಬಿಸಿ ಸ್ವಾಹಿಲಿಯ ಸುದ್ದಿ ಕೇಳಿ, 1957ರಿಂದ ನಡೆಯುತ್ತಿರುವ ಸೇವೆ ಅದು, ಭಾಷೆ ಸ್ಪಷ್ಟವಾಗಿರುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಓದುತ್ತಿರುವ ತಾಂಜಾನಿಯಾ, ಕೀನ್ಯಾದ ವಿದ್ಯಾರ್ಥಿಗಳ ಪರಿಚಯ ಇದ್ದರೆ ಇನ್ನೂ ಒಳ್ಳೆಯದು. ಅವರಿಗೆ ಕನ್ನಡ ಹೇಳಿಕೊಡಿ, ಅವರಿಂದ ಸ್ವಾಹಿಲಿ ಕಲಿಯಿರಿ.