ಮನೆ ಬದಲಿಸುವಾಗ ಪೆಟ್ಟಿಗೆ ಆರಿಸುವುದು ಹೇಗೆ?

ಆಷಾಢ ಕಳೆಯುತ್ತಿದ್ದಂತೆ ಮನೆ ಬದಲಿಸುವವರ ಓಡಾಟ ಶುರುವಾಗುತ್ತದೆ. ಹಾಲು ಉಕ್ಕಿಸಲು ದಿನ ನೋಡಿಟ್ಟಿರುತ್ತಾರೆ, ಟೆಂಪೋಗೂ ಹೇಳಿರುತ್ತಾರೆ. ಪೆಟ್ಟಿಗೆಯ ನೆನಪಾಗುವುದು ಮಾತ್ರ ಹಿಂದಿನ ದಿನ ಸಂಜೆ. ಆಗ ಕೈಗೆ ಸಿಕ್ಕ ದೊಡ್ಡ ಬಾಕ್ಸಿಗೆ ಪುಸ್ತಕವನ್ನೆಲ್ಲ ತುಂಬುತ್ತಾರೆ, ಎರಡನೇ ಮಹಡಿಯ ಮೆಟ್ಟಿಲಿಳಿಯುವಾಗ ತಳ ಕಳಚಿಕೊಳ್ಳುತ್ತದೆ. ಹದಿನೈದು ದಿನ ಮೊದಲೇ ಪೆಟ್ಟಿಗೆ ಕೂಡಿಸಲು ಶುರುಮಾಡಿ.

ಪೆಟ್ಟಿಗೆಯನ್ನು ಸಾಮಾನಿನ ಭಾರ ನೋಡಿ ಆರಿಸಬೇಕು. ಉದ್ದ, ಅಗಲ, ಎತ್ತರ ಮೂರೂ 12 ಇಂಚಿರುವ ಪೆಟ್ಟಿಗೆಗೆ ಪುಸ್ತಕವನ್ನು ಒತ್ತಾಗಿ ಜೋಡಿಸಿದರೆ 18ರಿಂದ 20 ಕೆ.ಜಿ. ಆಗುತ್ತದೆ. ಒಬ್ಬ ಆಳು ನಿರಾಳವಾಗಿ ಹೊತ್ತು ಮೆಟ್ಟಿಲಿಳಿಯುವ ಭಾರ ಅಷ್ಟೇ. ಅದೇ ಪುಸ್ತಕವನ್ನು 18 ಇಂಚಿನ ಪೆಟ್ಟಿಗೆಗೆ ತುಂಬಿದರೆ 60 ಕೆ.ಜಿ. ದಾಟುತ್ತದೆ. ಅಳತೆ ಒಂದೂವರೆ ಪಟ್ಟಾದರೆ ಒಳಗಿನ ಜಾಗ ಮೂರು ಪಟ್ಟಿಗೂ ಹೆಚ್ಚಾಗುತ್ತದೆ, ಕಣ್ಣಂದಾಜು ತಪ್ಪುವುದು ಇಲ್ಲೇ. ಪುಸ್ತಕ, ಹಿತ್ತಾಳೆ, ಕುಕ್ಕರ್, ಮಿಕ್ಸಿ, ಸುತ್ತಿಗೆ-ಸ್ಪ್ಯಾನರ್ ಎಲ್ಲ 12 ಇಂಚಿನದಕ್ಕೆ. ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್, ಆಟದ ಸಾಮಾನು, ಮಡಚಿದ ಬಟ್ಟೆ 18 ಇಂಚಿನದಕ್ಕೆ. ಅದಕ್ಕಿಂತ ದೊಡ್ಡದು ದಿಂಬು, ರಜಾಯಿಗೆ ಮಾತ್ರ.

ಇನ್ನು ರಟ್ಟು. ಪೆಟ್ಟಿಗೆಯ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಹಾಳೆಗಳ ನಡುವೆ ಅಲೆಯಂತಹ ಕಾಗದ ಒಂದೇ ಸಾಲಿದ್ದರೆ ಅದು 3 ಪ್ಲೈ, ಎರಡು ಸಾಲಿದ್ದರೆ 5 ಪ್ಲೈ. ಬಟ್ಟೆಗೆ 3 ಪ್ಲೈ ಸಾಕು. ಪಾತ್ರೆ, ಪುಸ್ತಕ, ಗಾಜಿಗೆ 5 ಪ್ಲೈ ಬೇಕು. ಹಳೇ ಪೆಟ್ಟಿಗೆಯಾದರೆ ನಾಲ್ಕೂ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿ ಎದುರೊತ್ತಿದರೆ ತೆಗೆದುಕೊಳ್ಳಿ. ಒತ್ತಿದಲ್ಲೇ ಮೆತ್ತಗೆ ಕುಸಿದು ಕೂತರೆ ಒಳಗಿನ ಅಲೆ ಸತ್ತಿದೆ ಎಂದರ್ಥ. ಮೇಲೆ ಪೇರಿಸಿದ ಭಾರವನ್ನು ಹೆಚ್ಚಾಗಿ ಹೊರುವುದು ಆ ಮೂಲೆಗಳೇ, ಅವು ಸೋತರೆ ಎಷ್ಟು ಟೇಪ್ ಸುತ್ತಿದರೂ ಪ್ರಯೋಜನವಿಲ್ಲ. ನೀರು ಕುಡಿದು ಒಣಗಿದ ಕಲೆಯಿರುವುದನ್ನೂ ಬಿಡಿ.

ಹೊಸ ಪೆಟ್ಟಿಗೆಯನ್ನೇ ಕೊಳ್ಳಬೇಕೆಂದೇನಿಲ್ಲ. ಔಷಧಿ ಅಂಗಡಿಯ ಪೆಟ್ಟಿಗೆ ಚೊಕ್ಕಟವಾಗಿ, ಒಣಗಿ ಇರುತ್ತದೆ. ಸೇಬಿನ ಪೆಟ್ಟಿಗೆ ಸುಮಾರು 20 ಕೆ.ಜಿ. ಹೊರಲೆಂದೇ ಮಾಡಿದ್ದು, ಪುಸ್ತಕಕ್ಕೆ ಒಳ್ಳೆಯದು. ಗಾಳಿಯಾಡಲು ಬಿಟ್ಟ ತೂತುಗಳಿಂದ ಧೂಳು ಹೋಗದ ಹಾಗೆ ಒಳಗೆ ಪೇಪರ್ ಹಾಸಿದರಾಯಿತು. ವೈನ್ ಸ್ಟೋರಿನ ಪೆಟ್ಟಿಗೆ ಕೇಳಲು ಸಂಕೋಚ ಬೇಡ. ಅದರೊಳಗೆ ಬಾಟಲಿಗೊಂದರಂತೆ ರಟ್ಟಿನ ಮನೆಗಳಿರುತ್ತವೆ. ಗಾಜಿನ ಲೋಟ, ತುಪ್ಪದ ಬಾಟಲಿಗೆ ಅಷ್ಟು ಹೊಂದುವ ಪೆಟ್ಟಿಗೆ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ದಿನಸಿ ಅಂಗಡಿಯದು ತರುವಾಗ ಮಾತ್ರ ಎಚ್ಚರ. ತಳದ ಮಡಿಕೆ ಬಿಚ್ಚಿ ನೋಡಿ. ಅಲಸಂದೆ ಕಾಳಿನಷ್ಟು ಗಾತ್ರದ ಕಂದು ಚೀಲ ಅಂಟಿಕೊಂಡಿದ್ದರೆ ಅದು ಜಿರಲೆಯ ಮೊಟ್ಟೆ, ಹೊಸ ಮನೆಗೆ ಸಂಸಾರವನ್ನೇ ಒಯ್ದ ಹಾಗೆ. ಯಾವ ಪೆಟ್ಟಿಗೆಯೇ ಇರಲಿ, ಒಂದು ದಿನ ಬಿಸಿಲಿಗಿಟ್ಟು, ಕೊಡವಿ, ಒಳಗೆ ತನ್ನಿ.

ಟೇಪ್ ಎಂದರೆ ಎರಡು ಇಂಚು ಅಗಲದ ಬ್ರೌನ್ ಟೇಪ್. ಮೇಜಿನ ಮೇಲಿನ ಸಣ್ಣ ಸೆಲೋ ಟೇಪ್ ಈ ಕೆಲಸಕ್ಕೆ ಬಾರದು. ಕೊಳ್ಳುವಾಗ ರೋಲಿನ ಒಳಗಿನ ರಟ್ಟಿನ ಬಳೆಯ ದಪ್ಪ ನೋಡಿ. ಅಗ್ಗದ್ದರಲ್ಲಿ ಬಳೆ ದಪ್ಪ, ಟೇಪ್ ಕಡಿಮೆ. ತಳದ ಎರಡು ಮಡಿಕೆ ಕೂಡುವ ಗೆರೆಯ ಮೇಲೆ ಉದ್ದಕ್ಕೆ ಒಂದು ಪಟ್ಟಿ ಎಳೆದು, ಎರಡೂ ಪಕ್ಕಕ್ಕೆ ಮೂರು ಮೂರು ಇಂಚು ಇಳಿಯಬಿಡಿ. ಅದರ ಮೇಲೇ ಇನ್ನೊಂದು. ಆಮೇಲೆ ಆ ಪಟ್ಟಿಗೆ ಅಡ್ಡಲಾಗಿ ಎರಡೂ ತುದಿಯ ಅಂಚಿಗೆ ಒಂದೊಂದು. ಟೇಪ್ ಹಾಕುವ ಮೊದಲು ಒಣ ಬಟ್ಟೆಯಿಂದ ರಟ್ಟು ಒರೆಸಿ, ಅಂಟು ಬಿಡುವುದು ಧೂಳಿನಿಂದಲೇ. ನಾಲ್ಕು ಮಡಿಕೆಯನ್ನು ಒಂದರೊಳಗೊಂದು ಸಿಕ್ಕಿಸಿ ಟೇಪಿಲ್ಲದೆ ತಳ ಮುಚ್ಚುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಎತ್ತಿದ ಕೂಡಲೇ ನಡುವಿನ ಗಂಟು ಜಗ್ಗಿ ಬಿಚ್ಚಿಕೊಳ್ಳುತ್ತದೆ. ಈ ಲೆಕ್ಕದಲ್ಲಿ 18 ಇಂಚಿನ ಪೆಟ್ಟಿಗೆಗೆ, ಮೇಲೂ ಕೆಳಗೂ ಸೇರಿ, ನಾಲ್ಕೂಕಾಲು ಮೀಟರ್ ಟೇಪ್ ಬೇಕು. 65 ಮೀಟರಿನ ರೋಲಿಗೆ ಹದಿನೈದು ಪೆಟ್ಟಿಗೆ. ಪಾಲಿಶ್ ಮಾಡಿದ ಮರದ ಮೇಲೆ ಈ ಟೇಪ್ ಅಂಟಿಸಬೇಡಿ, ಕೀಳುವಾಗ ಪಾಲಿಶ್ ಕಿತ್ತು ಬರುತ್ತದೆ. ಬೀರುವಿನ ಬಾಗಿಲು ಬಿಗಿಯಲು ನೂಲಿನ ಹಗ್ಗ ಕಟ್ಟಿ.

ಪಿಂಗಾಣಿ ತಟ್ಟೆ ಒಡೆಯುವುದು ಹೆಚ್ಚಾಗಿ ಮಲಗಿಸಿ ಪೇರಿಸಿದ್ದರಿಂದ. ಗಾಡಿ ಹಂಪಿನ ಮೇಲೆ ಹಾರಿದಾಗ ಮೇಲಿನ ಹತ್ತು ತಟ್ಟೆಯ ಪೆಟ್ಟೂ ಕೆಳಗಿನದಕ್ಕೇ. ಪೆಟ್ಟಿಗೆಯ ತಳಕ್ಕೆ ಮುದುಡಿದ ಪೇಪರನ್ನು ಎರಡಿಂಚು ಹಾಸಿ. ಒಂದೊಂದು ತಟ್ಟೆಯನ್ನೂ ಎರಡು ಹಾಳೆಯಲ್ಲಿ ಸುತ್ತಿ, ಕಪಾಟಿನಲ್ಲಿ ಪುಸ್ತಕ ನಿಲ್ಲಿಸುವ ಹಾಗೆ ಅಂಚಿನ ಮೇಲೆ ನಿಲ್ಲಿಸಿ. ಪಕ್ಕಗಳಲ್ಲಿ ಕಾಲೊರೆಸು, ಟವಲು ತುರುಕಿ. ಮೇಲೆ ಮತ್ತೆರಡಿಂಚು ಪೇಪರ್. ಮುಚ್ಚುವ ಮೊದಲು ಪೆಟ್ಟಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಟಣ್ ಎಂದು ಸದ್ದು ಬಂದರೆ ಇನ್ನೂ ಜಾಗ ಖಾಲಿಯಿದೆ, ತುಂಬಿ. ಬಿಳಿ ತಟ್ಟೆಗೆ ಪೇಪರಿನ ಮಸಿ ಹತ್ತುತ್ತದೆ, ಒಳಗೊಂದು ಬಿಳಿ ಹಾಳೆಯೋ ಹಳೇ ಪಂಚೆಯ ತುಂಡೋ ಇರಲಿ. ಬಬಲ್ ಶೀಟನ್ನು ಗುಳ್ಳೆ ಒಳಮುಖವಾಗಿ ಸುತ್ತಬೇಕು. ಟಿವಿಯ ಪರದೆಗೆ ಮಾತ್ರ ಮೊದಲು ಮೆತ್ತನೆಯ ಬಟ್ಟೆ, ಅದರ ಮೇಲೆ ಬಬಲ್ ಶೀಟು. ನೇರವಾಗಿ ಬಿಗಿದರೆ ಪರದೆಯ ಮೇಲೆ ಗುಳ್ಳೆಯ ಗುರುತು ಬೀಳಬಹುದು.

ಎಲ್ಲಕ್ಕೂ ಪೆಟ್ಟಿಗೆ ಬೇಡ. ಕಡಾಯಿ, ದೊಡ್ಡ ಪಾತ್ರೆ, ಚಪ್ಪಲಿ, ಹಾಸಿಗೆ ಬಟ್ಟೆಗೆ ಗೋಣಿಚೀಲವೇ ಸರಿ. ದಬ್ಬಣಕ್ಕೆ ಸುತಳಿ ಪೋಣಿಸಿ ಬಾಯಿ ಹೊಲಿಯುವಾಗ ಎರಡೂ ಮೂಲೆಯನ್ನು ಕಿವಿಯಂತೆ ಹೊರಗೆ ಬಿಡಿ, ಎತ್ತುವವರಿಗೆ ಹಿಡಿತ ಸಿಗುತ್ತದೆ. ಉಪ್ಪಿನಕಾಯಿಯ ಭರಣಿ ಪೆಟ್ಟಿಗೆಗೂ ಬೇಡ, ಗೋಣಿಗೂ ಬೇಡ. ಬಾಯಿಗೆ ಬಟ್ಟೆ ಕಟ್ಟಿ, ಬಕೆಟ್ಟಿನೊಳಗೆ ನಿಲ್ಲಿಸಿ, ಕೈಯಲ್ಲೇ ಒಯ್ಯಿರಿ. ಬೇರೆ ಊರಿಗೆ ಹೋಗುವವರು ಗ್ಯಾಸ್ ಸಿಲಿಂಡರನ್ನು ಲಾರಿಗೆ ಏರಿಸಬೇಡಿ. ರೆಗ್ಯುಲೇಟರ್ ಸಮೇತ ಏಜೆನ್ಸಿಗೆ ಒಪ್ಪಿಸಿ, ಅವರು ಕೊಡುವ ವೋಚರ್ ಇಟ್ಟುಕೊಂಡು ಅಲ್ಲಿ ಸಂಪರ್ಕ ಪಡೆಯಿರಿ.

ಶ್ರಾವಣದಲ್ಲಿ ಮಳೆ ಬಿಟ್ಟಿರುವುದಿಲ್ಲ. ರಟ್ಟು ತೇವ ಹೀರಿದರೆ ಅರ್ಧ ಬಲ ಹೋದ ಹಾಗೆಯೇ. ತುಂಬಿದ ಪೆಟ್ಟಿಗೆಯನ್ನು ಬರೀ ನೆಲದ ಮೇಲೆ ರಾತ್ರಿಯಿಡೀ ಬಿಡದೆ ಚಾಪೆಯ ಮೇಲೋ ಹಲಗೆಯ ಮೇಲೋ ಇಡಿ. ಕಾಗದಪತ್ರ, ರೇಷ್ಮೆ ಸೀರೆಯ ಪೆಟ್ಟಿಗೆಗೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಹಾಸಿ. ಟೆಂಪೋಗೆ ಟಾರ್ಪಾಲು ಇದೆಯೇ ಎಂದು ಬಾಡಿಗೆ ಮಾತಾಡುವಾಗಲೇ ಕೇಳಿ.

ಎರಡು ಕೋಣೆಯ ಮನೆ, ನಾಲ್ಕು ಜನ ಎಂದರೆ 12 ಇಂಚಿನದು ಹನ್ನೆರಡು, 18 ಇಂಚಿನದು ಹದಿನೈದು, ದೊಡ್ಡದು ಐದಾರು, ಗೋಣಿಚೀಲ ಆರು ತಂದಿಡಿ. ಟೇಪ್ ಮೂರು ರೋಲಿಗೆ ಮುಗಿಯುತ್ತದೆ, ನಾಲ್ಕು ಇರಲಿ. ಹಳೇ ಪೇಪರ್ ಎಂಟು ಹತ್ತು ಕೆ.ಜಿ., ಬಬಲ್ ಶೀಟು ಹತ್ತು ಮೀಟರ್, ದಪ್ಪ ಮಾರ್ಕರ್ ಎರಡು. ಹೆಸರನ್ನು ಪೆಟ್ಟಿಗೆಯ ಪಕ್ಕಕ್ಕೆ ಬರೆಯಿರಿ. ಪೇರಿಸಿದ ಮೇಲೆ ತಲೆಯ ಮೇಲಿನ ಬರಹ ಯಾರಿಗೂ ಕಾಣದು. ‘ಅಡುಗೆಮನೆ 4’ ಎಂದಷ್ಟೇ ಬರೆದು, ಒಳಗೇನಿದೆ ಎಂಬುದು ನಿಮ್ಮ ಪುಸ್ತಕದಲ್ಲಿರಲಿ.

ಒಂದು ಸಣ್ಣ ಪೆಟ್ಟಿಗೆಯನ್ನು ಮಾತ್ರ ಟೆಂಪೋಗೆ ಹಾಕಬೇಡಿ. ದೀಪ, ಎಣ್ಣೆ, ಬತ್ತಿ, ಬೆಂಕಿಪೊಟ್ಟಣ, ಅರಿಶಿನ ಕುಂಕುಮ, ದೇವರ ಪಟ, ಹಾಲುಕ್ಕಿಸುವ ಪಾತ್ರೆ, ಸಕ್ಕರೆ, ನಾಲ್ಕು ಲೋಟ, ಜೊತೆಗೆ ಕತ್ತರಿ ಮತ್ತು ಮನೆಯವರ ರಾತ್ರಿಯ ಮಾತ್ರೆ ಅದರಲ್ಲಿರಲಿ. ಅದನ್ನು ಮನೆಯ ಹಿರಿಯರ ಕೈಗೆ ಕೊಡಿ.