ಮನೆಮಂದಿ ಜೊತೆ ಗುಡ್ಡ ಹತ್ತಿ, ಸರಿಯಾಗಿ ಇಳಿಯುವುದು ಹೇಗೆ?

ಗಡಾಯಿಕಲ್ಲು ಗುಡ್ಡದ ಮೆಟ್ಟಿಲ ಮೇಲೆ ನನ್ನ ಅತ್ತಿಗೆ ಕೂತೇಬಿಟ್ಟರು. ಹತ್ತುವಾಗ ಎಲ್ಲರಿಗಿಂತ ಮುಂದೆ ಇದ್ದದ್ದು ಅವರೇ. ತುದಿಯಲ್ಲಿ ಕೋಟೆಯ ಹಾಳುಗೋಡೆ ನೋಡಿ, ಫೋಟೊ ತೆಗೆದು, ಇಳಿಯಲು ಶುರು ಮಾಡಿ ಅರ್ಧ ಗಂಟೆಯೂ ಆಗಿರಲಿಲ್ಲ. ಕೂತಲ್ಲೇ ಅವರ ತೊಡೆ ನಡುಗುತ್ತಿತ್ತು. ಚೂಡಿದಾರದ ಬಟ್ಟೆ ಅದುರುವುದು ಎರಡು ಮೆಟ್ಟಿಲು ಕೆಳಗೆ ನಿಂತ ನನಗೂ ಕಾಣುತ್ತಿತ್ತು.

"ದಮ್ಮು ಕಟ್ಟಿಲ್ಲ, ನೋವೂ ಇಲ್ಲ ಮಾರಾಯ. ಕಾಲು ಇಟ್ಟರೆ ನಿಲ್ಲುವುದೇ ಇಲ್ಲ, ಎಂತ ಮಾಡುವುದು?" ಅಂದರು.

ಅವತ್ತು ಕೆಳಗೆ ಬರುವಾಗ ಕತ್ತಲೆ ಆಗಿತ್ತು. ತಪ್ಪು ಅವರದ್ದಲ್ಲ. ಕರೆದುಕೊಂಡು ಹೋದ ನಾನು ಹತ್ತುವುದನ್ನು ಮಾತ್ರ ಲೆಕ್ಕ ಹಾಕಿದ್ದೆ. ಆಮೇಲೆ ನೆಂಟರು, ಗೆಳೆಯರು, ಅವರ ಮಕ್ಕಳು ಎಂದು ಎಷ್ಟೋ ಸಲ ಹೋಗಿ ಬಂದಿದ್ದೇನೆ. ಪ್ರತಿ ಸಲವೂ ಇದನ್ನೇ ನೋಡುತ್ತೇನೆ. ಮಂಗಳೂರು, ಉಡುಪಿಯಿಂದ ಕಾರು ತುಂಬಿಕೊಂಡು ಬಂದವರು ಗೆದ್ದವರ ಹಾಗೆ ತುದಿ ಮುಟ್ಟುತ್ತಾರೆ, ಇಳಿಯುವಾಗ ಕುಂಟುತ್ತಾರೆ. ಅದಕ್ಕೆ ಈ ಲೇಖನದಲ್ಲಿ ಇಳಿಯುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ಗುಡ್ಡ ಆರಿಸುವುದು

ತಂಡದಲ್ಲಿ ಯಾರ ಮೊಣಗಂಟು ಸೋತಿದೆಯೋ ಅವರಿಗೆ ಹೊಂದುವ ಗುಡ್ಡ ಆರಿಸಿ. ವಯಸ್ಸಾದವರಿದ್ದರೆ ನನ್ನ ಆಯ್ಕೆ ಕೊಡಚಾದ್ರಿ. ಎತ್ತರ 1,343 ಮೀಟರ್. ಕೊಲ್ಲೂರಿನಿಂದ ಜೀಪು ಹೋಗುತ್ತದೆ, ಅಪ್ಪ ಅಮ್ಮ ಜೀಪಿನಲ್ಲಿ ಬರಲಿ. ಜೀಪು ನಿಲ್ಲುವಲ್ಲಿಂದ ತುದಿಯ ಸರ್ವಜ್ಞಪೀಠ ಮಂಟಪದವರೆಗೆ ಎಲ್ಲರೂ ಒಟ್ಟಿಗೆ ನಿಧಾನಕ್ಕೆ ನಡೆಯಬಹುದು.

ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲು ನೋಡಲು ಸುಲಭ, ಇಳಿಯಲು ಅಲ್ಲ. ಜಮಾಲಾಬಾದ್, ನರಸಿಂಹಗಡ ಎಂದರೂ ಇದೇ. ಟಿಪ್ಪು ಸುಲ್ತಾನ್ 1794ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳೇ 1,800ಕ್ಕಿಂತ ಜಾಸ್ತಿ. ಒಂದು ಮೆಟ್ಟಿಲಿನ ಹಾಗೆ ಇನ್ನೊಂದಿಲ್ಲ. ಕೆಲವು ಮೊಣಕಾಲೆತ್ತರ, ಕೆಲವು ಪಾದ ಪೂರ್ತಿ ಊರಲೂ ಜಾಗ ಇಲ್ಲದಷ್ಟು ಕಿರಿದು. ಮಳೆಗಾಲದಲ್ಲಿ ಇಲ್ಲಿ ಹತ್ತಲೇಬೇಡಿ, ಪಾಚಿಗೆ ಯಾವ ಶೂ ಹಾಕಿದರೂ ಜಾರುತ್ತದೆ.

ಕುದುರೆಮುಖ ಶಿಖರ 1,894 ಮೀಟರ್. ನಡೆದು ಅಭ್ಯಾಸ ಇದ್ದವರಿಗೆ ಸರಿ. ಕುಮಾರಪರ್ವತದ ವಿಷಯ ಮುಂದೆ ಹೇಳುತ್ತೇನೆ.

2. ಪರವಾನಗಿ

ಹೊರಡುವ ಮೊದಲೇ ಅರಣ್ಯ ಇಲಾಖೆಯ ಬುಕಿಂಗ್ ಮಾಡಿ, ಎಲ್ಲರ ಗುರುತಿನ ಚೀಟಿ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದುಂಟು. ಅದನ್ನು ಕೇಳಿಕೊಂಡೇ ದಿನ ಗೊತ್ತುಮಾಡಿ.

3. ಹದಿನೈದು ದಿನ ಮೊದಲು: ಲಿಫ್ಟಿನಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ

ಗುಡ್ಡಕ್ಕೆ ಹೋಗುವುದೆಂದು ಗೊತ್ತಾದ ಕೂಡಲೇ ಎಲ್ಲರೂ ಮೆಟ್ಟಿಲು ಹತ್ತುವ ಅಭ್ಯಾಸ ಶುರು ಮಾಡುತ್ತಾರೆ. ನಾನು ಹೇಳುವುದು ಇಳಿಯುವ ಅಭ್ಯಾಸ. ಹತ್ತುವಾಗ ಉಸಿರು ಸೋಲುತ್ತದೆ, ಎರಡು ನಿಮಿಷ ನಿಂತರೆ ವಾಪಸ್ ಬರುತ್ತದೆ. ಇಳಿಯುವಾಗ ಸೋಲುವುದು ತೊಡೆ. ಚಾರ್ಮಾಡಿ ಘಾಟಿ ಇಳಿಯುವ ಲಾರಿಯನ್ನು ನೋಡಿದ್ದೀರಲ್ವಾ? ಎಂಜಿನ್ನಿಗೆ ಕೆಲಸ ಕಡಿಮೆ, ಬ್ರೇಕ್ ಕಾಯುತ್ತದೆ. ಹಾಗೆಯೇ ಇದು. ಪ್ರತಿ ಹೆಜ್ಜೆಗೂ ಮೈಭಾರವನ್ನು ತಡೆಯುತ್ತಾ ತೊಡೆಯ ಮುಂದಿನ ಸ್ನಾಯು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆತಕ್ಕೇ ಅದು ಜಾಸ್ತಿ ಪೆಟ್ಟು ತಿನ್ನುವುದು. ನೋವು ಮರುದಿನ, ಅದರ ಮರುದಿನ ಹೆಚ್ಚಾಗುವುದಕ್ಕೂ ಇದೇ ಕಾರಣ.

ಒಳ್ಳೆಯ ವಿಷಯ ಏನೆಂದರೆ, ಒಂದು ಸಲ ಸ್ವಲ್ಪ ಪೆಟ್ಟು ತಿಂದ ಸ್ನಾಯು ಕೆಲವು ವಾರ ಗಟ್ಟಿ ಇರುತ್ತದೆ. ಫ್ಲ್ಯಾಟಿನಲ್ಲಿ ಇರುವವರು ಲಿಫ್ಟಿನಲ್ಲಿ ಮೇಲೆ ಹೋಗಿ, ನಡೆದು ಕೆಳಗೆ ಬನ್ನಿ. ದಿನ ಬಿಟ್ಟು ದಿನ ಹದಿನೈದಿಪ್ಪತ್ತು ಮಹಡಿ ಸಾಕು. ಅತ್ತಿಗೆ ಎರಡನೇ ಸಲ ಗಡಾಯಿಕಲ್ಲಿಗೆ ಬರುವ ಮೊದಲು ಮಾಡಿದ್ದು ಇಷ್ಟೇ. ಅವತ್ತು ಎಲ್ಲೂ ಕೂರಲಿಲ್ಲ. ಹೃದಯದ ತೊಂದರೆ ಇರುವವರು, ಗಂಟು ಬಾತಿರುವವರು ಮೊದಲು ಡಾಕ್ಟರನ್ನು ಕೇಳಿ.

4. ಶೂ ಮತ್ತು ಉಗುರು

ಶೂವನ್ನು ಸಂಜೆ ಹೊತ್ತು ಕೊಳ್ಳಿ. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ಗುಡ್ಡದಲ್ಲೂ ಹಾಗೇ ಊದುತ್ತದೆ. ದಪ್ಪ ಸಾಕ್ಸ್ ಹಾಕಿಯೇ ಅಳತೆ ನೋಡಿ. ಅಂಗಡಿಯ ಹೊರಗೆ ಬೈಕ್ ಹತ್ತಿಸುವ ಇಳಿಜಾರು ಇದ್ದರೆ ಅದರ ಮೇಲೆ ಕೆಳಮುಖವಾಗಿ ನಿಲ್ಲಿ. ಹೆಬ್ಬೆರಳು ತುದಿಗೆ ತಾಗಿದರೆ ಆ ಶೂ ಬೇಡ.

ಕಡಿಮೆ ಬೆಲೆಗೆ ಆನ್‌ಲೈನಿನಲ್ಲಿ ಬರುವ ಟ್ರೆಕ್ಕಿಂಗ್ ಶೂಗಳ ಬಗ್ಗೆ ಎಚ್ಚರ ಇರಲಿ. ಅಡಿಭಾಗ ಬರೀ ಗೋಂದಿನಲ್ಲಿ ನಿಂತಿರುತ್ತದೆ. ಕುದುರೆಮುಖದ ದಾರಿಯಲ್ಲಿ ನಾಲ್ಕು ತೊರೆ ದಾಟುವಷ್ಟರಲ್ಲಿ ನನ್ನ ಗೆಳೆಯನ ಶೂವಿನ ಅಟ್ಟೆ ಬಾಯಿಬಿಟ್ಟಿತು. ಬೈರಾಸನ್ನು (ಟವೆಲನ್ನು) ಸೀಳಿ ಕಟ್ಟಿ ಅವನನ್ನು ಕೆಳಗೆ ಇಳಿಸಿದೆವು. ಹೊಸ ಶೂವನ್ನು ಗುಡ್ಡದಲ್ಲೇ ಮೊದಲ ಸಲ ಹಾಕಬಾರದು. ಹತ್ತು ದಿನ ಪೇಟೆಗೆ ಹಾಕಿಕೊಂಡು ಹೋಗಿ.

ಕಾಲುಗುರನ್ನು ಎರಡು ದಿನ ಮೊದಲು ನೇರವಾಗಿ ಕತ್ತರಿಸಿ. ಇದನ್ನು ಮರೆತವರ ಹೆಬ್ಬೆರಳ ಉಗುರು ಕಪ್ಪಾಗಿ, ಕೆಲವು ವಾರ ಬಿಟ್ಟು ಕಿತ್ತುಬರುವುದನ್ನು ನೋಡಿದ್ದೇನೆ.

5. ಚೀಲ

ಒಬ್ಬರಿಗೆ ಮೂರು ಲೀಟರ್ ನೀರು. ಅದರಲ್ಲಿ ಒಂದು ಲೀಟರ್ ಇಳಿಯುವಾಗಿನದ್ದು, ಮೇಲೆ ಮುಟ್ಟಬಾರದು. ಉಪ್ಪು ಸಕ್ಕರೆ ಹಾಕಿದ ಪುನರ್ಪುಳಿ (ಕೋಕಂ) ಶರಬತ್ತು ಒಂದು ಬಾಟಲಿ. ಊಟಕ್ಕೆ ಚಪಾತಿ, ಬನ್ಸ್, ಬಾಳೆಹಣ್ಣು, ಕಡ್ಲೆಮಿಠಾಯಿ. ನೀರ್‌ದೋಸೆ ಬೇಡ, ಮಧ್ಯಾಹ್ನಕ್ಕೆ ಮುದ್ದೆಯಾಗಿರುತ್ತದೆ. ಸ್ಥಿತಿಸ್ಥಾಪಕ ಬ್ಯಾಂಡೇಜು ಒಂದು ಸುರುಳಿ. ಒಂದು ಸ್ವೆಟರು, ಏಕೆಂದರೆ ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ತಂಪಾಗುತ್ತದೆ, ಮೇಲಿಂದ ಗಾಳಿ ಬೇರೆ. ತಲೆಗೆ ಕಟ್ಟುವ ಟಾರ್ಚು ಕಡ್ಡಾಯ. ಮೊಬೈಲ್ ಟಾರ್ಚನ್ನು ನಂಬಬೇಡಿ, ಅದನ್ನು ಹಿಡಿದ ಕೈ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಜೀನ್ಸ್ ಬೇಡ. ಉಂಬಳ (ಜಿಗಣೆ) ಇರುವ ಕಾಲದಲ್ಲಿ ಉಪ್ಪಿನ ಗಂಟು ಇರಲಿ.

6. ಹತ್ತುವುದು

ಮಾತಾಡಲು ಆಗುವಷ್ಟು ನಿಧಾನಕ್ಕೆ ಹತ್ತಿ. ಮಾತು ತುಂಡಾದರೆ ನಿಲ್ಲಿ.

7. ತಿರುಗುವ ಗಂಟೆ

ಬೆಟ್ಟದ ಸಮಯಕ್ಕೆ ಹಳೆಯದೊಂದು ಲೆಕ್ಕ ಉಂಟು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟದ್ದು. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದವರ ನಡಿಗೆ, ತಂಪು ಹವೆ. ನಮ್ಮ ಸೆಕೆ, ಮಕ್ಕಳು, ಫೋಟೊ ಎಲ್ಲ ಸೇರಿಸಿ ನಾನು ಅದನ್ನು ಒಂದೂವರೆ ಪಟ್ಟು ಮಾಡುತ್ತೇನೆ.

ಕುಮಾರಪರ್ವತಕ್ಕೆ ಹಾಕಿ ನೋಡಿ. ಶಿಖರ 1,712 ಮೀಟರ್, ಕುಕ್ಕೆ ಕಡೆಯಿಂದ ಏರು ಒಂದೂವರೆ ಸಾವಿರ ಮೀಟರಿಗೂ ಜಾಸ್ತಿ, ದಾರಿ ಹನ್ನೆರಡು ಹದಿಮೂರು ಕಿಲೋಮೀಟರ್. ನೈಸ್ಮಿತ್ ಲೆಕ್ಕಕ್ಕೇ ಐದು ಗಂಟೆ. ನಮ್ಮದಕ್ಕೆ ಏಳೂವರೆ. ಇನ್ನು ಇಳಿಯುವುದು? ಅದಕ್ಕೆ ಹೇಳುವುದು, ಮಕ್ಕಳನ್ನು ಕಟ್ಟಿಕೊಂಡು ಒಂದೇ ದಿನದಲ್ಲಿ ಕುಮಾರಪರ್ವತ ಬೇಡವೇ ಬೇಡ. ದಾರಿ ನಡುವಿನ ಗಿರಿಗದ್ದೆವರೆಗೆ ಹೋಗಿ ಬನ್ನಿ, ಅದೇ ಚೆಂದದ ದಿನವಾಗುತ್ತದೆ.

ಡಿಸೆಂಬರಿನಲ್ಲಿ ನಮ್ಮಲ್ಲಿ ಆರು ಗಂಟೆ ಕಳೆಯುವಾಗಲೇ ಸೂರ್ಯ ಮುಳುಗುತ್ತಾನೆ. ಕಾಡಿನ ಒಳಗೆ ಐದೂವರೆಗೇ ಕಲ್ಲು ಯಾವುದು, ಬೇರು ಯಾವುದು ಗೊತ್ತಾಗುವುದಿಲ್ಲ. ಇಳಿಯಲು ಹತ್ತಿದಷ್ಟೇ ಹೊತ್ತು ಇಟ್ಟುಕೊಳ್ಳಿ. ಐದೂವರೆಯಿಂದ ಹಿಂದಕ್ಕೆ ಎಣಿಸಿ ತಿರುಗುವ ಗಂಟೆ ಗೊತ್ತುಮಾಡಿ. ಮನೆಯಲ್ಲೇ ಎಲ್ಲರ ಎದುರು ಹೇಳಿ, ಇಬ್ಬರ ಫೋನಿನಲ್ಲಿ ಅಲಾರಂ ಇಡಿ.

ಅಲಾರಂ ಹೊಡೆದಾಗ ಯಾರಾದರೂ ಹೇಳಿಯೇ ಹೇಳುತ್ತಾರೆ: "ತುದಿ ಇಲ್ಲೇ ಕಾಣ್ತದಲ್ಲ ಭಾವ, ಇನ್ನು ಹತ್ತು ನಿಮಿಷ." ಒಪ್ಪಬೇಡಿ. ಕಾಣುವುದೆಲ್ಲ ತುದಿ ಅಲ್ಲ. ಕುಮಾರಪರ್ವತದ ದಾರಿಯಲ್ಲಿ ಶೇಷಪರ್ವತವೇ ಶಿಖರದ ಹಾಗೆ ಕಾಣುತ್ತದೆ. ಅದನ್ನು ಹತ್ತಿದ ಮೇಲೆ ಕಾಡಿಗೆ ಇಳಿದು ಮತ್ತೆ ಹತ್ತಬೇಕು.

8. ಇಳಿಯುವುದು

ತುದಿಯಿಂದ ಹೊರಡುವ ಮೊದಲು ಕೂತು ಶೂ ಬಿಚ್ಚಿ. ಸಾಕ್ಸಿನ ಮಡಿಕೆ ಬಿಡಿಸಿ, ಒಳಗಿನ ಕಲ್ಲು ಕೊಡವಿ. ಮತ್ತೆ ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಪಾದ ಹಿಂದಕ್ಕೆ ಹೋಗಲಿ. ಆಮೇಲೆ ಲೇಸನ್ನು ಬೆರಳಿನ ಕಡೆ ಸಡಿಲ, ಕಾಲಗಂಟಿನ ಕಡೆ ಬಿಗಿ ಕಟ್ಟಿ. ಹತ್ತುವಾಗ ಕಟ್ಟಿದ ಲೇಸಿನಲ್ಲೇ ಇಳಿಯುವುದು ನಾನು ನೋಡುವ ತಪ್ಪುಗಳಲ್ಲಿ ಅತಿ ದೊಡ್ಡದು. ಪಾದ ಮುಂದಕ್ಕೆ ಜಾರುತ್ತದೆ, ಇಡೀ ಮೈಭಾರ ಬೆರಳ ತುದಿಗೆ ಬೀಳುತ್ತದೆ.

ಹೆಜ್ಜೆ ಸಣ್ಣದಿರಲಿ. ಒಂದು ಉದ್ದ ಹೆಜ್ಜೆಯ ಜಾಗದಲ್ಲಿ ಎರಡು ಸಣ್ಣ ಹೆಜ್ಜೆ. ಮೊಣಕಾಲು ಯಾವಾಗಲೂ ತುಸು ಮಡಚಿರಲಿ. ನೆಟ್ಟಗೆ ಕೋಲಿನ ಹಾಗೆ ಇಟ್ಟ ಕಾಲಿಗೆ ಬೀಳುವ ಪೆಟ್ಟೆಲ್ಲ ಗಂಟಿಗೇ ಹೋಗುತ್ತದೆ.

ಭಯ ಆದಾಗ ಎಲ್ಲರೂ ಹಿಂದಕ್ಕೆ ವಾಲುತ್ತಾರೆ. ಆಗಲೇ ಜಾರುವುದು. ಹಿಂದೆ ವಾಲಿದರೆ ಹಿಮ್ಮಡಿ ಮಾತ್ರ ನೆಲಕ್ಕೆ ತಾಗುತ್ತದೆ, ಅದು ಚರಳಿನ ಮೇಲೆ ಚಕ್ರದ ಹಾಗೆ ಓಡುತ್ತದೆ. ಸೊಂಟ ಪಾದದ ಮೇಲೆಯೇ ಇರಲಿ, ಅಂಗಾಲು ಪೂರ್ತಿ ಊರಲಿ. ಮಕ್ಕಳಿಗೆ ನಾನು "ಬೆಕ್ಕಿನ ಹಾಗೆ ಇಳಿ" ಎನ್ನುತ್ತೇನೆ. ಸದ್ದು ಬಂದರೆ ಕಾಲು ಜೋರಾಗಿ ಬಿತ್ತು ಎಂದು ಅರ್ಥ. ಅವರಿಗೆ ಇದು ಕೂಡಲೇ ತಿಳಿಯುತ್ತದೆ.

ಗಡಾಯಿಕಲ್ಲಿನ ಹಾಗೆ ಎತ್ತರದ ಮೆಟ್ಟಿಲಿದ್ದರೆ ಎದುರಿಗೆ ನೋಡುತ್ತಾ ಇಳಿಯಬೇಡಿ. ಓರೆಯಾಗಿ ನಿಲ್ಲಿ. ಬಂಡೆಗೋಡೆಯ ಕಡೆಗೆ ಇರಿ, ಕೈ ಗೋಡೆಗೆ ಇರಲಿ. ಕೆಳಗಿನ ಕಾಲು ಮೊದಲು, ಅದು ಗಟ್ಟಿ ಊರಿದ ಮೇಲೆ ಮೇಲಿನ ಕಾಲು. ಐವತ್ತು ಮೆಟ್ಟಿಲಿಗೊಮ್ಮೆ ತಿರುಗಿ ನಿಂತು ಮೊದಲು ಇಡುವ ಕಾಲು ಬದಲಿಸಿ, ಇಲ್ಲದಿದ್ದರೆ ಒಂದೇ ತೊಡೆ ಸೋಲುತ್ತದೆ. ತೀರಾ ಎತ್ತರ ಅನಿಸಿದರೆ ಕೂತು ಇಳಿಯಿರಿ. ಅದರಲ್ಲಿ ನಾಚಿಕೆ ಎಂತದ್ದೂ ಇಲ್ಲ, ಪ್ಯಾಂಟು ಒಗೆದರೆ ಹೋಗುತ್ತದೆ.

ಕೋಲು ಒಂದಾದರೂ ಇರಲಿ, ಎರಡಿದ್ದರೆ ಉತ್ತಮ. ಮನೆಯಿಂದಲೇ ಬಿದಿರಿನದ್ದು ತನ್ನಿ, ಕಾಡಿನಲ್ಲಿ ಕಡಿಯಬಾರದು. ಇಳಿಯುವಾಗ ಕೋಲು ಉದ್ದ ಬೇಕು, ಎದೆಯ ಹತ್ತಿರ ಬರುವಷ್ಟು. ಮೊದಲು ಕೋಲು ಕೆಳಗಿನ ಮೆಟ್ಟಿಲಿಗೆ, ಆಮೇಲೆ ಕಾಲು. ತಿರುಗಿಸಿ ಬಿಗಿ ಮಾಡುವ ಅಗ್ಗದ ಅಲ್ಯುಮಿನಿಯಂ ಕೋಲುಗಳನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಭಾರ ಹಾಕಿದ ಕೂಡಲೇ ಒಂದರೊಳಗೊಂದು ಸರಿದು ಗಿಡ್ಡವಾಗುತ್ತವೆ. ಭಾರ ಹಾಕುವುದು ಜಾರುವಾಗಲೇ ಅಲ್ವಾ? ಹೆಚ್ಚು ಖರ್ಚಿಲ್ಲದ ಬಿದಿರು ಹಾಗೆ ಕೈಕೊಡುವುದಿಲ್ಲ.

ಸಾಲು ಹೀಗಿರಲಿ: ಮುಂದೆ ದಾರಿ ಗೊತ್ತಿರುವವರು, ಅವರ ಹಿಂದೆ ಎಲ್ಲರಿಗಿಂತ ನಿಧಾನದವರು, ಕೊನೆಗೆ ಗಟ್ಟಿ ಆಳು. ಮಗುವಿನ ಕೈಯನ್ನು ಮೇಲಿನಿಂದ ಹಿಡಿದು ಇಳಿಸುವ ಬದಲು ನೀವು ಒಂದು ಮೆಟ್ಟಿಲು ಕೆಳಗೆ ನಿಲ್ಲಿ. ಇಬ್ಬರ ನಡುವೆ ಎರಡು ಮಾರು ಜಾಗ ಇದ್ದರೆ ಒಬ್ಬರು ಜಾರಿದಾಗ ಇನ್ನೊಬ್ಬರೂ ಬೀಳುವುದಿಲ್ಲ. ಮುಂದೆ ಹೋದವರು ನಿಂತು ಕಾಯುತ್ತಾರೆ, ಹಿಂದಿನವರು ಬಂದ ಕೂಡಲೇ ಹೊರಡುತ್ತಾರೆ. ಹಾಗೆ ಮಾಡಬೇಡಿ. ವಿಶ್ರಾಂತಿ ಬೇಕಾದದ್ದು ಕೊನೆಗೆ ಬಂದವರಿಗೆ.

ಒಳದಾರಿಯ ಆಸೆ ಬರುವುದು ಈ ಹೊತ್ತಿನಲ್ಲಿ. ತಿರುವಿನ ದಾರಿ ಬಿಟ್ಟು ನೇರ ಇಳಿದರೆ ಬೇಗ ಎಂದು ಕಾಣುತ್ತದೆ. ಆ ದಾರಿ ಮಳೆನೀರು ಕೊರೆದದ್ದು, ಮಣ್ಣು ಸಡಿಲ. ನೀವು ತುಳಿದರೆ ಇನ್ನೂ ಕೊರೆಯುತ್ತದೆ. ಹುಲ್ಲುಗಾವಲಿನಲ್ಲಿ ಕಾಣುವ ಕಾಲುದಾರಿಗಳಲ್ಲಿ ಎಷ್ಟೋ ಕಾಡುಪ್ರಾಣಿಗಳು, ದನಗಳು ನಡೆದು ಆದದ್ದು. ಮಂಜು ಮುಸುಕಿ ದಾರಿ ತಪ್ಪಿತು ಅನಿಸಿದರೆ ಕೆಳಗೆ ಇಳಿಯುತ್ತಾ ಹೋಗಬೇಡಿ. ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗಕ್ಕೆ ವಾಪಸ್ ಹತ್ತಿ, ಎಲ್ಲರೂ ಒಟ್ಟಿಗೆ ನಿಲ್ಲಿ.

ಕಾಲು ಉಳುಕಿದರೆ, ಮೂಳೆ ಮುರಿದ ಹಾಗೆ ಕಾಣದಿದ್ದರೆ, ಶೂ ತೆಗೆಯಬೇಡಿ. ತೆಗೆದರೆ ಬಾತು ಮತ್ತೆ ಹಾಕಲು ಆಗುವುದಿಲ್ಲ. ಶೂವಿನ ಮೇಲಿನಿಂದಲೇ ಬ್ಯಾಂಡೇಜು ಸುತ್ತಿ, ಅವರ ಚೀಲ ಇನ್ನೊಬ್ಬರು ಹೊತ್ತುಕೊಳ್ಳಿ. ಊರಲೂ ಆಗದಿದ್ದರೆ ನಡೆಸಬೇಡಿ. ಇಬ್ಬರು ಅವರ ಜೊತೆ ಉಳಿದು, ಇಬ್ಬರು ಕೆಳಗೆ ಹೋಗಿ ಅರಣ್ಯ ಇಲಾಖೆಯವರಿಗೆ ತಿಳಿಸಲಿ. ನೆಟ್‌ವರ್ಕ್ ಸಿಕ್ಕಿದಲ್ಲಿ 112ಕ್ಕೆ ಕರೆ ಮಾಡಿ.

ತೊಡೆ ನಡುಗಲು ಶುರುವಾದರೆ ಅದು ಕೊನೆಯ ಎಚ್ಚರಿಕೆ. ಅಲ್ಲೇ ಕೂತು, ಉಳಿಸಿದ್ದ ಪುನರ್ಪುಳಿ ಕುಡಿದು, ಕಡ್ಲೆಮಿಠಾಯಿ ತಿಂದು, ಹತ್ತು ನಿಮಿಷ ಕಾಲು ಚಾಚಿ. ತಿರುಗುವ ಗಂಟೆ ಪಾಲಿಸಿದ್ದರೆ ಈ ಹತ್ತು ನಿಮಿಷ ನಿಮ್ಮ ಕೈಯಲ್ಲಿ ಇರುತ್ತದೆ.

9. ಕೆಳಗೆ ಬಂದ ಮೇಲೆ

ಚೆಕ್‌ಪೋಸ್ಟಿನಲ್ಲಿ ತಲೆ ಎಣಿಸಿ, ಒಯ್ದ ಪ್ಲಾಸ್ಟಿಕ್ ವಾಪಸ್ ಬಂದಿದೆಯೇ ನೋಡಿ. ಬೆರಳ ಸಂದು, ಮೊಣಕಾಲ ಹಿಂದೆ ಉಂಬಳ ಹುಡುಕಿ. ಕಚ್ಚಿಕೊಂಡಿದ್ದರೆ ಉಗುರಿನಿಂದ ಬದಿಗೆ ಸರಿಸಿ ಬಿಡಿಸಿ.

ಕಾರು ಬಿಡುವವರು ಆ ದಿನ ಕಡಿಮೆ ದಣಿದವರಾಗಿರಲಿ. ಎರಡು ತಾಸು ಬ್ರೇಕ್ ಒತ್ತಿದ ತೊಡೆಯಲ್ಲೇ ಘಾಟಿಯ ಬ್ರೇಕನ್ನೂ ಒತ್ತಬೇಕು. ನಮ್ಮ ತಂಡದಲ್ಲಿ ಒಬ್ಬರು ಅರ್ಧದಾರಿಯವರೆಗೆ ಮಾತ್ರ ಬಂದು ಮರದಡಿ ಮಲಗುತ್ತಾರೆ. ವಾಪಸ್ ಬರುವಾಗ ಕಾರಿನ ಕೀ ಅವರ ಕೈಯಲ್ಲಿ.