ನಾಲ್ಕು ಭಾಷೆಯ ಚರ್ಚಿನಲ್ಲಿ ಪಂಚಾಶತ್ತಮ ಹಬ್ಬ ಮಾಡುವುದು ಹೇಗೆ

ಪಂಚಾಶತ್ತಮ, ಅಂದರೆ ಯೇಸುಸ್ವಾಮಿಯ ಪ್ರೇಷಿತ ಶಿಷ್ಯರ ಮೇಲೆ ಪವಿತ್ರಾತ್ಮರು ಇಳಿದು ಬಂದ ದಿನದ ಹಬ್ಬ (ಪೆಂತೆಕೋಸ್ತ್). ಅದರ ತಯಾರಿ ಈ ಸಲ ನಿಮ್ಮ ಪಾಲಿಗೆ ಬಂದಿದೆಯಾ? ಹಾಗಿದ್ದರೆ ಇದನ್ನು ಓದಿ. ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಕಥೋಲಿಕ ಧರ್ಮಕೇಂದ್ರ (ಪ್ಯಾರಿಷ್), ಶಿವಮೊಗ್ಗ ಧರ್ಮಕ್ಷೇತ್ರಕ್ಕೆ (ಡಯಾಸಿಸ್) ಸೇರಿದ್ದು. ಭಾನುವಾರ ಪೂಜೆ ಮುಗಿದು ಅಂಗಳಕ್ಕೆ ಇಳಿದರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಘಟ್ಟದ ಕೆಳಗಿನಿಂದ ಬಂದು ಅಡಿಕೆ ತೋಟ ಮಾಡಿದವರ ಕೊಂಕಣಿ, ಕೆಲಸ ಹುಡುಕಿಕೊಂಡು ಬಂದು ಇಲ್ಲೇ ಮನೆ ಕಟ್ಟಿಕೊಂಡವರ ತಮಿಳು, ರಬ್ಬರ್ ಹಾಕಲು ಬಂದವರ ಮಲಯಾಳ, ಉಳಿದವರ ಕನ್ನಡ. ನಾನು ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಹಬ್ಬದ ಓಡಾಟವೂ ನನ್ನದೇ.

ಕ್ರಿಸ್ಮಸ್ ಯಾರು ಮಾಡಿದರೂ ಚೆಂದ ಆಗುತ್ತದೆ. ಗೋದಲಿ ಇದೆ, ಕೇಕ್ ಇದೆ, ಮಕ್ಕಳ ಗಲಾಟೆ ಇದೆ. ಪಂಚಾಶತ್ತಮಕ್ಕೆ ಅಂಥದ್ದೇನೂ ಇಲ್ಲ. ಸುಮ್ನೆ ಬಿಟ್ಟರೆ ಫಾದರ್ ಕೆಂಪು ಉಡುಪು ಹಾಕಿದ ಇನ್ನೊಂದು ಭಾನುವಾರ ಅಷ್ಟೇ. ಆದರೆ ಮಾತು ಬಿಟ್ಟವರು ಮತ್ತೆ ಮಾತಾಡಬೇಕು, ನಾಲ್ಕು ಗುಂಪು ಒಂದು ಊರಾಗಬೇಕು ಅಂತಿದ್ದರೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹಬ್ಬ ಸಿಗುವುದಿಲ್ಲ.

ತಯಾರಿಗೆ ಇಳಿಯುವ ಮೊದಲು ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 1 ಮತ್ತು 2ನೇ ಅಧ್ಯಾಯ ನಿಧಾನವಾಗಿ ಓದಿ. ಪಂಚಾಶತ್ತಮ ಅಂದರೆ ಪಾಸ್ಕ (ಈಸ್ಟರ್) ಹಬ್ಬದಿಂದ ಐವತ್ತನೆಯ ದಿನ. ಯೆಹೂದ್ಯರಿಗೆ ಅದು ಮೊದಲೇ ಇದ್ದ ಸುಗ್ಗಿ ಹಬ್ಬ, ಗೋದಿ ಕೊಯ್ಲಿನ ಮೊದಲ ಫಲವನ್ನು ದೇವರಿಗೆ ಒಪ್ಪಿಸುವ ಕಾಲ. ಅದಕ್ಕೇ ಜೆರುಸಲೇಮಿನಲ್ಲಿ ಅಷ್ಟೊಂದು ದೇಶದ ಜನ ಸೇರಿದ್ದರು. ಮಾತೆ ಮರಿಯಮ್ಮನವರ ಜೊತೆ ಪ್ರೇಷಿತರು ಒಟ್ಟಾಗಿ ಪ್ರಾರ್ಥನೆಯಲ್ಲಿದ್ದರು. ಗಾಳಿಯ ಸದ್ದು ಬಂತು, ಬೆಂಕಿಯ ನಾಲಗೆಗಳು ಒಬ್ಬೊಬ್ಬರ ಮೇಲೂ ಇಳಿದವು. ಹೊರಗೆ ಸೇರಿದ ಜನಕ್ಕೆ ದೇವರ ಮಹತ್ಕಾರ್ಯಗಳು ಅವರವರ ಮನೆಮಾತಿನಲ್ಲೇ ಕೇಳಿಸಿದವು.

ಇಲ್ಲಿ ಸ್ವಲ್ಪ ನಿಲ್ಲಿ. ಪವಿತ್ರಾತ್ಮರು ಅವತ್ತು ಎಲ್ಲರಿಗೂ ಒಂದೇ ಭಾಷೆ ಕಲಿಸಬಹುದಿತ್ತು. ಕಲಿಸಲಿಲ್ಲ. ಯಾರ ಭಾಷೆಯನ್ನೂ ಬಿಡಿಸಲಿಲ್ಲ. ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಮುಟ್ಟುವ ಹಾಗೆ ಮಾಡಿದರು. ಹಬ್ಬದ ಯಾವ ಕೆಲಸ ಹೇಗೆ ಮಾಡಬೇಕು ಅಂತ ಗೊಂದಲ ಬಂದಾಗ ನಾನು ಇದೊಂದನ್ನೇ ಕೇಳಿಕೊಳ್ಳುತ್ತೇನೆ: ಹೀಗೆ ಮಾಡಿದರೆ ನಮ್ಮವರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾರಾ?

ದಿನ ಗೊತ್ತು ಮಾಡಿಕೊಳ್ಳುವುದು ಸುಲಭ. 2026ರಲ್ಲಿ ಹಬ್ಬ ಮೇ 24ಕ್ಕೆ, 2027ರಲ್ಲಿ ಮೇ 16ಕ್ಕೆ. ಯಾವ ವರ್ಷವೂ ಮೇ 10ಕ್ಕಿಂತ ಮೊದಲು ಬರುವುದಿಲ್ಲ, ಜೂನ್ 13 ದಾಟುವುದಿಲ್ಲ. ಅದಕ್ಕೆ ಒಂಬತ್ತು ದಿನ ಮೊದಲು, ಅಂದರೆ ಶುಕ್ರವಾರ, ಒಂಬತ್ತು ದಿನದ ಪ್ರಾರ್ಥನೆಯಾದ ನವೇನ ಶುರುವಾಗುತ್ತದೆ. ಯೇಸುಸ್ವಾಮಿ ಸ್ವರ್ಗಕ್ಕೆ ಏರಿದ ಮೇಲೆ ಪ್ರೇಷಿತರು ಪ್ರಾರ್ಥನೆಯಲ್ಲಿ ಕಾದ ದಿನಗಳವು. ಎಲ್ಲ ಧರ್ಮಕೇಂದ್ರಗಳಲ್ಲೂ ಈ ನವೇನ ಮಾಡಬೇಕೆಂದು 13ನೇ ಲಿಯೋ ಪೋಪರು 1897ರಲ್ಲೇ ಹೇಳಿದ್ದಾರೆ. ಹಾಗಾಗಿ "ಇದೆಲ್ಲ ಹೊಸದಾಗಿ ಯಾಕೆ" ಅಂತ ಯಾರಾದರೂ ಕೇಳಿದರೆ ಧೈರ್ಯವಾಗಿ ಉತ್ತರ ಕೊಡಿ.

ನವೇನವನ್ನು ಚರ್ಚಿನಲ್ಲಿ ಮಾಡಬೇಡಿ, ಮನೆಗಳಲ್ಲಿ ಮಾಡಿ. ಒಂಬತ್ತು ಸಂಜೆ, ಒಂಬತ್ತು ಮನೆ. ಇದಕ್ಕೆ ಫಾದರ್ ಒಪ್ಪಿಗೆ ತಗೊಂಡು ಪಾಲನಾ ಪರಿಷತ್ತಿನಲ್ಲಿ ಮೊದಲೇ ಮಾತಾಡಿ. ಮನೆ ಆರಿಸುವಾಗ ವಾರ್ಡಿನ ಗುರಿಕಾರರ ಮನೆ, ಹಾಲ್ ದೊಡ್ಡದಿರುವ ಮನೆ ಅಂತ ಹೋಗಬೇಡಿ. ಫಾದರ್ ಕಾಲಿಟ್ಟು ಬಹಳ ವರ್ಷ ಆದ ಮನೆಯಿಂದ ಶುರು ಮಾಡಿ. ಜಾಗ ಸಾಲದಿದ್ದರೆ ಅಂಗಳದಲ್ಲಿ ಚಾಪೆ ಹಾಸಿ. ಮಳೆ ಬಂದರೆ ಅಡಿಕೆ ಸುಲಿಯುವ ಚಪ್ಪರದ ಕೆಳಗೆ ಕೂರಬಹುದು. ಒಂದು ನಿಯಮ ಮಾತ್ರ ಗಟ್ಟಿಯಾಗಿ ಹಿಡಿಯಿರಿ: ಮನೆಯವರು ಪ್ರಾರ್ಥನೆ ನಡೆಸಬಾರದು, ಬೇರೆ ಭಾಷೆಯ ಕುಟುಂಬ ಬಂದು ನಡೆಸಬೇಕು. ತಮಿಳು ಮನೆಯಲ್ಲಿ ಕೊಂಕಣಿಯವರು, ಕೊಂಕಣಿ ಮನೆಯಲ್ಲಿ ಮಲಯಾಳದವರು. ಪ್ರಾರ್ಥನೆ ಕನ್ನಡದಲ್ಲಿರಲಿ, ಎಲ್ಲರಿಗೂ ಅರ್ಥವಾಗುವುದು ಅದೊಂದೇ. ಒಂದು ಹಾಡು ಮಾತ್ರ ಆ ಮನೆಯವರ ಭಾಷೆಯಲ್ಲಿ.

ಕಾಫಿ ಮತ್ತು ಒಂದು ಕುರುಕಲು ತಿಂಡಿ, ಅದಕ್ಕಿಂತ ಜಾಸ್ತಿ ಯಾರೂ ಕೊಡಬಾರದು ಅಂತ ಮೊದಲ ದಿನವೇ ಹೇಳಿಬಿಡಿ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಒಬ್ಬರು ಕೇಸರಿಬಾತ್ ಮಾಡಿದರೆ ಮರುದಿನದವರು ಬೋಂಡವನ್ನೂ ಸೇರಿಸುತ್ತಾರೆ. ನಾಲ್ಕನೆಯ ದಿನಕ್ಕೆ ಬಡವರ ಮನೆಯವರು "ನಮ್ಮಲ್ಲಿ ಈ ಸಲ ಬೇಡ" ಅನ್ನುತ್ತಾರೆ. ನೀವು ಸೇರಿಸಬೇಕು ಅಂದುಕೊಂಡವರೇ ಹೊರಗೆ ಉಳಿದುಬಿಡುತ್ತಾರೆ.

ಸಮಯ ಏಳು ಗಂಟೆಗಿಂತ ಮೊದಲು ಇಡಬೇಡಿ. ಆ ಹೊತ್ತಿಗೆ ಹಾಲು ಕರೆದು ಆಗಿರುತ್ತದೆ. ಮೇ ಕೊನೆ ಅಂದರೆ ಮಲೆನಾಡಿನಲ್ಲಿ ಸೌದೆ ಒಳಗೆ ಹಾಕುವ ಕಾಲ, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ಸಜ್ಜಾಗುವ ಕಾಲ. ಗಂಡಸರು ದಣಿದಿರುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಮುಗಿಸಿ. ಕರೆಂಟ್ ಹೋಗುತ್ತದೆ ಅಂತಲೇ ಇಟ್ಟುಕೊಂಡು ಮೊಂಬತ್ತಿ, ಚಾರ್ಜರ್ ಲೈಟ್ ಒಯ್ಯಿರಿ. ವಯಸ್ಸಾದವರನ್ನು ಕರೆತರುವ ಜೀಪು ಅಥವಾ ಓಮ್ನಿ ಯಾರದ್ದು ಅಂತ ಪ್ರತಿ ದಿನಕ್ಕೂ ಹೆಸರು ಬರೆದಿಡಿ.

ಏನು ಓದಬೇಕು? ಮೊದಲ ಸಂಜೆ ಪ್ರೇಷಿತರು ಮಹಡಿಯ ಕೋಣೆಯಲ್ಲಿ ಕಾದ ಭಾಗ. ಆಮೇಲೆ ಏಳು ಸಂಜೆ ಪವಿತ್ರಾತ್ಮರ ಏಳು ವರಗಳು, ದಿನಕ್ಕೊಂದು. ಕೊನೆಯ ಸಂಜೆ ಆದಿಕಾಂಡ 11ರ ಬಾಬೆಲ್ ಗೋಪುರದ ಕತೆ. ಹಬ್ಬದ ಜಾಗರಣೆ ಪೂಜೆಯ ವಾಚನಗಳಲ್ಲಿ ಅದೂ ಒಂದು. ಒಂದೇ ಭಾಷೆಯಿದ್ದ ಜನ ಹೆಸರು ಗಳಿಸಲು ಹೊರಟು ಚದುರಿಹೋದರು. ಮರುದಿನ ಬೆಳಿಗ್ಗೆ ನೂರು ಕಡೆಯ ಜನ ಒಂದೇ ಮಾತು ಕೇಳಿಸಿಕೊಂಡದ್ದನ್ನು ಓದುತ್ತೇವೆ. ಎರಡನ್ನೂ ಹಿಂದೆಮುಂದೆ ಕೇಳಿದ ಮಕ್ಕಳಿಗೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ.

ಈಗ ಕಷ್ಟದ ವಿಷಯ. ಪ್ರತಿ ಊರಲ್ಲೂ ಮುಖ ಕೊಟ್ಟು ಮಾತಾಡದ ಎರಡು ಮನೆ ಇರುತ್ತವೆ. ನಮ್ಮಲ್ಲಿ ತೋಟಕ್ಕೆ ಬರುವ ಕಾಲುವೆ ನೀರಿನ ಜಗಳ. ಹಬ್ಬದ ದಿನ ಪೀಠದ ಮುಂದೆ ಇಬ್ಬರನ್ನೂ ನಿಲ್ಲಿಸಿ ಕೈ ಕುಲುಕಿಸೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ಎಲ್ಲರೆದುರು ಕೈ ಕೊಡುತ್ತಾರೆ, ಗೇಟು ದಾಟಿದ ಮೇಲೆ ಮೊದಲಿಗಿಂತ ಜಾಸ್ತಿ ಬಿಗಿಯುತ್ತಾರೆ. ಅದರ ಬದಲು ಇಬ್ಬರಿಗೂ ಒಂದೇ ಕೆಲಸ ಕೊಡಿ, ಕೈ ತುಂಬಾ ಇರುವಂಥದ್ದು. ನಾನು ಹೂವಿನ ಕೆಲಸ ಕೊಟ್ಟೆ. ಈ ಹಬ್ಬಕ್ಕೆ ಬಣ್ಣ ಕೆಂಪು. ಆ ಹೊತ್ತಿಗೆ ನಮ್ಮ ಕಡೆ ಕೇಪಳ ಇರುತ್ತದೆ, ಕೆಂಪು ದಾಸವಾಳ ಇರುತ್ತದೆ, ರಸ್ತೆ ಬದಿಯ ಗುಲ್ಮೊಹರ್ ಮರದ ತುಂಬಾ ಹೂ. ಅಂಗಡಿ ಹೂ ತರಿಸುವ ಅಗತ್ಯವೇ ಇಲ್ಲ.

ಶನಿವಾರ ಮಧ್ಯಾಹ್ನ ಆ ಎರಡು ಮನೆಯ ಹೆಂಗಸರು ಚರ್ಚಿನ ಜಗಲಿಯಲ್ಲಿ ಒಂದು ಬುಟ್ಟಿ ಕೇಪಳದ ಆಚೆ ಈಚೆ ಕೂತರು. ಗೊಂಚಲು ಬಿಡಿಸುವುದು, ಬಾಳೆನಾರಿಗೆ ಕಟ್ಟುವುದು. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಒಬ್ಬರು ನಾರು ಒಣಗಿತು ಅಂದರು. ಇನ್ನೊಬ್ಬರು ತಮ್ಮ ಚೊಂಬಿನ ನೀರನ್ನು ಅದರ ಮೇಲೆ ಚಿಮುಕಿಸಿದರು. ಅವತ್ತು ಅಷ್ಟೇ ಆದದ್ದು. ನೀರಿನ ಜಗಳ ಪೂರ್ತಿ ಮುಗಿಯಲು ಇನ್ನೂ ಎರಡು ಮಳೆಗಾಲ ಬೇಕಾಯಿತು. ಆದರೆ ಮರುವಾರದಿಂದ ಮಕ್ಕಳು ಒಂದೇ ಆಟೋದಲ್ಲಿ ಧರ್ಮೋಪದೇಶಕ್ಕೆ ಬಂದರು.

ನವೇನದ ನಡುವೆ ಒಂದು ಸಂಜೆ ಪಾಪನಿವೇದನೆಗೆ ಇಡಿ. ಹಬ್ಬದ ಶುಭಸಂದೇಶ ಯೊವಾನ್ನರ 20ನೇ ಅಧ್ಯಾಯ ಅಲ್ವಾ? ಯೇಸುಸ್ವಾಮಿ ಶಿಷ್ಯರ ಮೇಲೆ ಉಸಿರೂದಿ ಪವಿತ್ರಾತ್ಮರನ್ನು ಕೊಟ್ಟ ಕೂಡಲೇ ಹೇಳಿದ್ದು ಪಾಪಗಳ ಕ್ಷಮೆಯ ಮಾತು. ತಮಿಳು, ಮಲಯಾಳ, ಕೊಂಕಣಿ ಬಲ್ಲ ಗುರುಗಳನ್ನು ಅಕ್ಕಪಕ್ಕದ ಧರ್ಮಕೇಂದ್ರಗಳಿಂದ ಕರೆಸಲು ಫಾದರ್‌ಗೆ ಹೇಳಿ. ಕನ್ನಡದಲ್ಲಿ ಎಲ್ಲ ವ್ಯವಹಾರ ಮಾಡುವ ಅಜ್ಜಿಯೂ ಮನಸ್ಸಿನ ಭಾರವನ್ನು ಮನೆಮಾತಿನಲ್ಲೇ ಇಳಿಸುತ್ತಾರೆ.

ಹಬ್ಬದ ದಿನದ ಬಲಿಪೂಜೆಯಲ್ಲಿ ಭಾಷೆಗಳನ್ನು ಎಲ್ಲಿ ಸೇರಿಸಬೇಕು? ಕೆಲವು ಕಡೆ ಮೊದಲ ವಾಚನವನ್ನೇ ತುಂಡು ತುಂಡು ಮಾಡಿ ಐದಾರು ಭಾಷೆಯಲ್ಲಿ ಓದಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಕೇಳಿದವರಿಗೆಲ್ಲ ಅರ್ಥವಾಯಿತು ಅನ್ನುವ ವಾಚನವನ್ನೇ ಯಾರಿಗೂ ಪೂರ್ತಿ ಅರ್ಥವಾಗದ ಹಾಗೆ ಓದಿದಂತಾಗುತ್ತದೆ. ವಾಚನ ಒಬ್ಬರೇ ಕನ್ನಡದಲ್ಲಿ ಓದಲಿ. ಓದುವವರಿಗೆ ಎರಡು ವಾರ ಮೊದಲೇ ಹೇಳಿ. ಪಾರ್ಥಿಯರು, ಮೇದ್ಯರು, ಕಪ್ಪದೋಕಿಯ, ಫ್ರಿಜಿಯ, ಪಂಫೀಲಿಯ ಅಂತ ಸಾಲು ಹೆಸರುಗಳಿವೆ. ತಡವರಿಸಿದರೆ ಹಿಂದಿನ ಬೆಂಚಿನಲ್ಲಿ ನಗು ಶುರುವಾಗುತ್ತದೆ. ಪ್ರತಿ ಹೆಸರೂ ಒಂದು ಊರಿನ ಜನ, ಅವರ ಹೆಸರನ್ನು ಮರ್ಯಾದೆಯಿಂದ ಹೇಳು ಅಂತ ನಾನು ಹುಡುಗರಿಗೆ ಹೇಳುತ್ತೇನೆ. ಎರಡನೆಯ ವಾಚನ ಆದಮೇಲೆ ಪವಿತ್ರಾತ್ಮರನ್ನು ಕರೆಯುವ ವಿಶೇಷ ಗೀತೆ ಇದೆ. ಅವತ್ತು ಅದನ್ನು ಬಿಡುವಂತಿಲ್ಲ. ಗಾಯನ ಮಂಡಳಿಗೆ ನೆನಪಿಸಿ.

ಭಾಷೆಗಳಿಗೆ ಜಾಗ ವಿಶ್ವಾಸಿಗಳ ಪ್ರಾರ್ಥನೆಯಲ್ಲಿದೆ. ಫಾದರ್ ಒಪ್ಪಿದರೆ ನಾಲ್ಕು ಭಾಷೆಯಲ್ಲಿ ನಾಲ್ಕು ಬೇಡಿಕೆ, ಉತ್ತರ ಮಾತ್ರ ಎಲ್ಲರೂ ಕನ್ನಡದಲ್ಲಿ. ಪ್ರತಿಯೊಬ್ಬರೂ ತಮ್ಮವರಿಗಾಗಿ ಅಲ್ಲದೆ ಇನ್ನೊಂದು ಗುಂಪಿಗಾಗಿ ಬೇಡಬೇಕು, ಅದಕ್ಕೆ ಅವರ ಕಷ್ಟ ಏನು ಅಂತ ಮೊದಲೇ ಹೋಗಿ ಕೇಳಬೇಕು. ನಮ್ಮಲ್ಲಿ ತಮಿಳು ಮನೆಯ ಒಬ್ಬ ಅಜ್ಜಿ ಕಾಗದ ಬೇಡ ಅಂದರು. ಮೈಕಿನ ಮುಂದೆ ಸೆರಗು ತಲೆಗೆಳೆದುಕೊಂಡು ನಿಂತು, ಎಲೆಚುಕ್ಕಿ ರೋಗ ಬಂದ ತೋಟದವರಿಗಾಗಿ ತಮಿಳಿನಲ್ಲಿ ಬೇಡಿದರು. ಅವರಿಗೆ ಸ್ವಂತ ಒಂದು ಅಡಿಕೆ ಮರವೂ ಇಲ್ಲ. ಎಲ್ಲ ಪದ ನಮಗೆ ತಿಳಿಯಲಿಲ್ಲ. ಯಾವ ಯಾವ ಮನೆ ಅಂತ ಹೆಸರು ಹಿಡಿದು ಹೇಳಿದ್ದು ತಿಳಿಯಿತು. "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು" ಅಂತ ಆ ಸಲ ಬಂದ ಉತ್ತರದ ಜೋರು ನಾನು ಬೇರೆ ಯಾವತ್ತೂ ಕೇಳಿಲ್ಲ.

ಕೆಂಪು ಸೀರೆ, ಕೆಂಪು ಶರ್ಟು ಕಡ್ಡಾಯ ಅಂತ ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡಿ. ಇದ್ದವರು ಉಡುತ್ತಾರೆ.

ಊಟದ ಬಗ್ಗೆ ಮಾತ್ರ ಉದ್ದ ಹೇಳಬೇಕು, ಯಾಕೆಂದರೆ ಒಗ್ಗಟ್ಟು ಮುರಿಯುವುದು ಜಾಸ್ತಿ ಅಲ್ಲೇ. ಪ್ರೇಷಿತರ ಕಾಲದ ಮೊದಲ ಧರ್ಮಸಭೆಯಲ್ಲೂ ಹಾಗೇ ಆಯಿತು. ಪಂಚಾಶತ್ತಮದ ದಿನ ಸುಮಾರು 3,000 ಜನ ಸೇರಿದರು, ಎಲ್ಲವನ್ನೂ ಹಂಚಿಕೊಂಡು ಬಾಳಿದರು. ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಗೊಣಗಾಟ. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಸರಿಯಾಗಿ ಸಿಗುತ್ತಿಲ್ಲ ಅಂತ. ಭಾಷೆ ಬೇರೆ, ತಟ್ಟೆಯಲ್ಲಿ ಕಡಿಮೆ. ಪ್ರೇಷಿತರು ಬೈದು ಸುಮ್ಮನಾಗಿಸಲಿಲ್ಲ. ಹಂಚುವ ಕೆಲಸಕ್ಕೆ ಏಳು ಜನರನ್ನು ಆರಿಸಲು ಹೇಳಿದರು. ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕಾನೋರ, ತಿಮೋನ, ಪರ್ಮೇನ, ನಿಕೊಲಾಸ. ಏಳೂ ಗ್ರೀಕ್ ಹೆಸರು. ಯಾರಿಗೆ ಕಡಿಮೆಯಾಯಿತೋ ಆ ಕಡೆಯವರ ಕೈಗೇ ಸೌಟು ಹೋಯಿತು ಅಂತ ನನಗೆ ಅನ್ನಿಸುತ್ತದೆ.

ನೀವೂ ಹಾಗೇ ಮಾಡಿ. ಕಳೆದ ಹಬ್ಬದಲ್ಲಿ ಯಾರು ಕೊನೆಗೆ ಉಂಡರು, ಯಾರಿಗೆ ಸಾರು ಖಾಲಿಯಾಗಿತ್ತು ಅಂತ ವಿಚಾರಿಸಿ. ಈ ಸಲ ಬಡಿಸುವ ಉಸ್ತುವಾರಿ ಅವರದ್ದೇ. ಒಂದೊಂದು ಭಾಷೆಯವರು ಒಂದೊಂದು ಮೇಜು ಹಾಕಿ ತಮ್ಮ ಅಡುಗೆ ಇಡುವುದು ನೋಡಲು ಚೆಂದ, ಆದರೆ ಕೊನೆಗೆ ಎಲ್ಲರೂ ತಮ್ಮ ಮೇಜಿನ ಸುತ್ತಲೇ ನಿಂತು ಉಣ್ಣುತ್ತಾರೆ. ಒಂದೇ ಒಲೆಸಾಲು ಮಾಡಿ. ಕಡುಬಿನ ಹಿಟ್ಟಿಗೆ ಒಬ್ಬ ಕೊಂಕಣಿ ಅಮ್ಮ, ಕೋಳಿ ಸಾರಿಗೆ ಕನ್ನಡದವರ ಜೊತೆ ಮಲಯಾಳದವರು. ಮಸಾಲೆಗೆ ಕೊಬ್ಬರಿ ಎಷ್ಟು ಅಂತ ಜೋರು ಚರ್ಚೆ ಆಗುತ್ತದೆ, ಆಗಲಿ ಬಿಡಿ. ಪಾತ್ರೆ ತೊಳೆಯುವ ಪಟ್ಟಿಯಲ್ಲಿ ಪಾಲನಾ ಪರಿಷತ್ತಿನ ಗಂಡಸರ ಹೆಸರು ಮೊದಲು ಬರೆಯಿರಿ. ಖರ್ಚಿನ ಲೆಕ್ಕ ಮುಂದಿನ ಭಾನುವಾರದೊಳಗೆ ನೋಟಿಸ್ ಬೋರ್ಡಿಗೆ ಹಾಕಿ, ಉಳಿದದ್ದು ಐವತ್ತೇ ರೂಪಾಯಿ ಆದರೂ ಬರೆಯಿರಿ.

ಹತ್ತಿರದಲ್ಲಿ ಕೇರಳ ಮೂಲದ ಕಥೋಲಿಕರ ಸೀರೋ ಮಲಬಾರ್ ಚರ್ಚ್ ಇದ್ದರೆ ಅವರನ್ನೂ ಕರೆಯಿರಿ. ಭದ್ರಾವತಿಯಲ್ಲಿ 2007ರಿಂದ ಅವರದೇ ಧರ್ಮಕ್ಷೇತ್ರವಿದೆ. ಪೂಜೆಯ ಕ್ರಮ ಬೇರೆ, ಪೋಪರು ಒಬ್ಬರೇ.

ಭಾನುವಾರದ ಕೊನೆಯ ಪೂಜೆ ಆದಮೇಲೆ ಪಾಸ್ಕ ಮೊಂಬತ್ತಿಯನ್ನು ಪೀಠದ ಹತ್ತಿರದಿಂದ ಜ್ಞಾನಸ್ನಾನದ ತೊಟ್ಟಿಯ ಬಳಿಗೆ ಸಾಗಿಸುತ್ತಾರೆ. ಆ ವರ್ಷ ಜ್ಞಾನಸ್ನಾನವಾದ ಮಕ್ಕಳ ಮನೆಯವರು ಅದರ ಹಿಂದೆ ನಡೆಯಲಿ. ಮರುದಿನ ಸೋಮವಾರ ಧರ್ಮಸಭೆಯ ಮಾತೆ ಮರಿಯಮ್ಮನವರ ಸ್ಮರಣೆ, ಪೋಪ್ ಫ್ರಾನ್ಸಿಸ್ 2018ರಲ್ಲಿ ಪಂಚಾಂಗಕ್ಕೆ ಸೇರಿಸಿದ್ದು. ಅವತ್ತು ಹಬ್ಬಕ್ಕೆ ಬರಲಾಗದೆ ಹಾಸಿಗೆ ಹಿಡಿದವರ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗಿ, ಆ ಇಬ್ಬರೂ ಬೇರೆ ಬೇರೆ ಭಾಷೆಯವರಾಗಿರಲಿ. ಪರಮಪ್ರಸಾದ ಬೇಕಾದವರ ಹೆಸರು ಬರೆದುಕೊಂಡು ಫಾದರ್‌ಗೆ ಕೊಡಿ. ಮುಂದಿನ ವರ್ಷದ ಒಂಬತ್ತು ಮನೆಗಳ ಪಟ್ಟಿಯನ್ನು ಅದೇ ವಾರ ಮಾಡಿಟ್ಟುಬಿಡಿ. ಯಾರ ಮನೆಗೆ ಹೋಗಲಿಲ್ಲ ಅನ್ನುವುದು ಆಗ ಎಲ್ಲರಿಗೂ ನೆನಪಿರುತ್ತದೆ.